ಕೊಂಡಿ ಕಡಿದರೂ ಸಂದೇಶ ನಿಲ್ಲಬಾರದು

ವಿಜ್ಞಾನ ಪ್ರದರ್ಶನಕ್ಕೆ ನಾವು ಮಾಡಿದ್ದ ವೈರ್‌ಲೆಸ್ ಸೆನ್ಸರ್ ಜಾಲ ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಜನ ಸೇರುತ್ತಿದ್ದಂತೆ ಉಷ್ಣತೆಯ ಅಂಕಿಗಳು ಬರುವುದು ನಿಂತಿತು. ಕಾರಣ ಆಮೇಲೆ ತಿಳಿಯಿತು. 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ದೇಹದ ಹೆಚ್ಚಿನ ಪಾಲು ನೀರೇ!

ನಾವು ಕಳೆದುಕೊಂಡದ್ದು ಒಂದು ಬಹುಮಾನ ಮಾತ್ರ. ಆದರೆ ಕೇರಳದ ಮುನ್ನಾರ್‌ನಲ್ಲಿ ಭೂಕುಸಿತದ ಮುನ್ಸೂಚನೆಗಾಗಿ ಅಮೃತ ವಿಶ್ವವಿದ್ಯಾಲಯದವರು ಇಂಥದೇ ಜಾಲ ಅಳವಡಿಸಿದ್ದಾರೆ. ಅಲ್ಲಿ ಮಳೆ ಜೋರಾದಾಗಲೇ ಸಂದೇಶ ತಲುಪಬೇಕು. ತಲುಪದಿದ್ದರೆ ಜೀವಕ್ಕೇ ಅಪಾಯ.

ಹಾಗಾದರೆ ಪರಿಹಾರವೇನು? ಮೊದಲನೆಯದಾಗಿ, 'ಸಿಕ್ಕಿತು' ಎಂಬ ಉತ್ತರ ಬರದಿದ್ದರೆ ಸಂದೇಶವನ್ನು ಮತ್ತೆ ಕಳುಹಿಸಬೇಕು. ಎರಡನೆಯದಾಗಿ, ಹತ್ತಿರದ ದಾರಿಗಿಂತ ನಂಬಬಹುದಾದ ದಾರಿಯನ್ನು ಆರಿಸಬೇಕು. ಲೆಕ್ಕ ಮಾಡಿ ನೋಡಿ: ನೇರ ಕೊಂಡಿಯಲ್ಲಿ ನಾಲ್ಕು ಪ್ರಯತ್ನಗಳಲ್ಲಿ ಒಂದು ಮಾತ್ರ ಫಲಿಸಿದರೆ, ಸರಾಸರಿ 4 ಸಲ ಕಳುಹಿಸಬೇಕು. ನಡುವೆ ಇನ್ನೊಂದು ಘಟಕವಿದ್ದು, ಎರಡೂ ಹಂತಗಳಲ್ಲಿ ಶೇ. 80ರಷ್ಟು ಫಲಿಸಿದರೆ 1.25 + 1.25, ಅಂದರೆ 2.5 ಸಲ ಸಾಕು. ದಾರಿ ಸುತ್ತಾದರೂ ಬ್ಯಾಟರಿ ಉಳಿಯುತ್ತದೆ.

ಮೂರನೆಯದಾಗಿ, ಪ್ರತಿ ಘಟಕವೂ ಬದಲಿ ನೆರೆಯವನನ್ನು ಮೊದಲೇ ಗುರುತಿಸಿಕೊಂಡಿರಬೇಕು. 2012ರಲ್ಲಿ ಪ್ರಕಟವಾದ ಆರ್‌ಪಿಎಲ್ ಎಂಬ ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿದೆ.

ಈಗ ನಮ್ಮ ಮಾದರಿಗೂ ಒಂದು ಘಟಕ ಹೆಚ್ಚು ಸೇರಿಸಿದ್ದೇವೆ. ಪ್ರಯೋಗಾಲಯಕ್ಕೆ ಬನ್ನಿ, ನಡುವಿನ ಒಂದನ್ನು ನೀವೇ ಆಫ್ ಮಾಡಿ. ಅಂಕಿ ಬರುತ್ತಲೇ ಇರುತ್ತದೆ.