ತಮ್ಮವರ ಗುಂಡಿಗೆ ತಮ್ಮವರೇ ಗುರಿ!

ಮರಳುಗಾಡಿನಲ್ಲಿ ಮರವಿಲ್ಲ, ಮನೆಯಿಲ್ಲ. ದಿಗಂತದವರೆಗೂ ಬಯಲೇ ಬಯಲು. ಇಂಥಲ್ಲಿ ಶತ್ರು ಯಾರು, ಮಿತ್ರ ಯಾರು ಎಂದು ಅರಿಯುವುದು ಸುಲಭವೆಂದು ತೋರಬಹುದು. ಯುದ್ಧದ ಅನುಭವವಾದರೋ ಇದಕ್ಕೆ ತೀರ ವಿರುದ್ಧವಾದುದು. ಟ್ಯಾಂಕುಗಳು ಎಬ್ಬಿಸುವ ಧೂಳು, ಬಿಸಿಲಿನ ಝಳದಲ್ಲಿ ನಡುಗುವ ನೋಟ, ದಿಕ್ಕು ತಿಳಿಯಲು ಒಂದು ಗುಡ್ಡವೂ ಇಲ್ಲದ ನೆಲ—ಇವೆಲ್ಲ ಸೇರಿ ಕಣ್ಣನ್ನು ವಂಚಿಸುತ್ತವೆ.

1941ರಲ್ಲಿ ಉತ್ತರ ಆಫ್ರಿಕದಲ್ಲಿ ಕಾದುತ್ತಿದ್ದ ಬ್ರಿಟಿಷ್ ಸೇನೆ ತನ್ನ ಟ್ಯಾಂಕುಗಳ ಮೇಲೆ ಬಿಳಿ, ಕೆಂಪು, ಬಿಳಿ ಪಟ್ಟೆಗಳನ್ನು ಬಳಿಯಿತು. ಉಭಯ ಪಕ್ಷಗಳೂ ಸೆರೆಸಿಕ್ಕ ವಾಹನಗಳನ್ನು ಬಳಸುತ್ತಿದ್ದುದರಿಂದ ಆಕಾರವೊಂದನ್ನೇ ನೋಡಿ ವಾಹನ ಯಾರದೆಂದು ಹೇಳುವಂತಿರಲಿಲ್ಲ.

ಅರ್ಧ ಶತಮಾನ ಕಳೆದು 1991ರ ಕೊಲ್ಲಿ ಯುದ್ಧ ಬಂದಿತು. ಅಷ್ಟರಲ್ಲಿ ಅಮೆರಿಕದ ಅಬ್ರಾಮ್ಸ್ ಟ್ಯಾಂಕಿಗೆ ಶಾಖವನ್ನೇ ಚಿತ್ರವಾಗಿಸುವ ದುರ್ಬೀನು ದೊರೆತಿದ್ದಿತು. ಕತ್ತಲೆಯಲ್ಲಿಯೂ ಹೊಗೆಯಲ್ಲಿಯೂ ಅದಕ್ಕೆ ದೂರದ ವಾಹನ ಬೆಳಗುವ ಬೊಟ್ಟಿನಂತೆ ಕಾಣುವುದು. ಆದರೆ ಅದು ಯಾರ ವಾಹನವೆಂಬುದು ತಿಳಿಯದು. ಕಾಣುವ ದೂರ ಬೆಳೆಯಿತು, ಹೊಡೆಯುವ ದೂರ ಬೆಳೆಯಿತು. ಗುರುತಿಸುವ ದೂರ ಮಾತ್ರ ಹಿಂದುಳಿಯಿತು. ಪರಿಣಾಮ ಘೋರವಾಯಿತು. ಆ ಯುದ್ಧದಲ್ಲಿ ಕಾದಿ ಮಡಿದ ಸುಮಾರು 148 ಅಮೆರಿಕನ್ ಯೋಧರಲ್ಲಿ 35 ಮಂದಿ ತಮ್ಮ ಪಕ್ಷದ ಗುಂಡಿಗೇ ಬಲಿಯಾದರು. ಫೆಬ್ರವರಿ 26ರಂದು ಅಮೆರಿಕನ್ ವಿಮಾನಗಳು ಎರಡು ಬ್ರಿಟಿಷ್ ವಾಹನಗಳನ್ನು ಶತ್ರುಗಳವೆಂದು ಬಗೆದು ಹೊಡೆದಾಗ ಒಂಬತ್ತು ಮಂದಿ ಸೈನಿಕರು ಸತ್ತರು.

ವಾಹನಗಳ ಮೇಲೆ ತಲೆಕೆಳಗಾದ ‘ವಿ’ ಗುರುತು, ನೆತ್ತಿಯ ಮೇಲೆ ಹೊಳೆಯುವ ಬಟ್ಟೆ—ಇವು ಆಗಲೂ ಇದ್ದವು. ಆದರೆ ಬಣ್ಣದ ಗುರುತು ಶಾಖದ ದುರ್ಬೀನಿಗೆ ಸರಿಯಾಗಿ ಕಾಣದು. ಆದುದರಿಂದ ಮುಂದೆ ವಾಹನದ ಪಕ್ಕಗಳಿಗೆ ವಿಶೇಷ ಫಲಕಗಳನ್ನು ಜೋಡಿಸಲಾಯಿತು. ಬಿಸಿಯಾದ ವಾಹನದ ನಡುವೆ ಅವು ತಣ್ಣಗಿನ ಕಪ್ಪು ಚೌಕಗಳಂತೆ ದುರ್ಬೀನಿನಲ್ಲಿ ಎದ್ದು ಕಾಣುವುವು. 2003ರ ಇರಾಕ್ ಯುದ್ಧದ ವೇಳೆಗೆ ಇನ್ನೊಂದು ಸಾಧನ ಬಂದಿತು: ಪ್ರತಿ ವಾಹನವೂ ತಾನಿರುವ ತಾಣವನ್ನು ಉಪಗ್ರಹದ ಮೂಲಕ ತಿಳಿಸುತ್ತ, ಒಳಗಿನ ನಕ್ಷೆಯಲ್ಲಿ ಮಿತ್ರರೆಲ್ಲ ನೀಲಿ ಗುರುತುಗಳಾಗಿ ಮೂಡುವ ವ್ಯವಸ್ಥೆ.

ಆದರೂ ಪ್ರಮಾದ ನಿಲ್ಲಲಿಲ್ಲ; ಆ ಸಾಧನ ಎಲ್ಲ ವಾಹನಗಳಲ್ಲಿಯೂ ಇರಲಿಲ್ಲ. ಆ ಮಾರ್ಚ್ 25ರಂದು ಬಾಸ್ರಾ ಬಳಿ ಬ್ರಿಟಿಷ್ ಟ್ಯಾಂಕೊಂದು ಮತ್ತೊಂದು ಬ್ರಿಟಿಷ್ ಟ್ಯಾಂಕನ್ನೇ ಹೊಡೆದು ಇಬ್ಬರ ಪ್ರಾಣ ಹೋಯಿತು. ಮೂರು ದಿನಗಳ ಅನಂತರ, ಮಿತ್ರರ ಗುರುತೆಂದು ಹೊದಿಸಿದ್ದ ಕಿತ್ತಳೆ ಬಣ್ಣದ ಫಲಕಗಳನ್ನೇ ಅಮೆರಿಕನ್ ವೈಮಾನಿಕರು ರಾಕೆಟ್ಟುಗಳೆಂದು ಭ್ರಮಿಸಿದರು!

ಗಡಿಗೆರೆಗಳನ್ನು ಮೊದಲೇ ಗೊತ್ತುಪಡಿಸುವುದು, ನೆರೆಯ ಪಡೆ ಎಲ್ಲಿದೆಯೆಂದು ಸದಾ ತಿಳಿದಿರುವುದು, ಗುಂಡು ಹಾರಿಸುವ ಮುನ್ನ ರೇಡಿಯೋದಲ್ಲಿ ವಿಚಾರಿಸುವುದು—ಯಂತ್ರಗಳೆಷ್ಟಿದ್ದರೂ ಈ ಹಳೆಯ ಶಿಸ್ತು ತಪ್ಪಿದ್ದಲ್ಲ. ಆದರೆ ಇವೆಲ್ಲಕ್ಕೂ ರಣರಂಗದಲ್ಲಿ ದೊರೆಯುವ ಕಾಲ ಕೆಲವೇ ಕ್ಷಣಗಳು. ತಡೆದು ನಿಂತವನು ಶತ್ರುವಿಗೆ ತುತ್ತಾದಾನು. ತಡೆಯದವನು ಮಿತ್ರನನ್ನೇ ಕೊಂದಾನು.