ಬಿಡುವಿನ ಬಣ್ಣ, ಬಿಡುವಿನ ಎಳೆ

ನಮ್ಮ ಮನೆಗಳಲ್ಲಿ ಒಂದು ವಿಚಿತ್ರವಾದ ವಾಡಿಕೆಯುಂಟು. ಮಗುವಿಗೆ ಬಣ್ಣದ ಪೆಟ್ಟಿಗೆಯನ್ನು ಕೊಡಿಸುವ ತಂದೆ, ಅದು ಬರೆದ ಸೊಟ್ಟ ಸೊಂಡಿಲಿನ ಆನೆಯನ್ನು ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಾನೆ. ಅದೇ ತಂದೆಯ ಕೈಗೆ ಕುಂಚವನ್ನಿತ್ತು, "ನೀವೂ ಒಂದು ಆನೆ ಬರೆಯಿರಿ" ಎಂದರೆ, "ಅಯ್ಯೋ, ನನಗೆಲ್ಲಿಯ ಚಿತ್ರಕಲೆ!" ಎಂದು ಹಿಂದೆ ಸರಿಯುತ್ತಾನೆ. ಹಾಡಲು ಬಾರದವನು ಬಚ್ಚಲುಮನೆಯಲ್ಲಾದರೂ ಹಾಡಿಕೊಳ್ಳುತ್ತಾನೆ. ಚಿತ್ರ ಬಾರದವನು ಮಾತ್ರ ಪೆನ್ಸಿಲನ್ನು ಅಗಸನ ಲೆಕ್ಕಕ್ಕೆ ಮೀಸಲಾಗಿರಿಸಿಬಿಡುತ್ತಾನೆ.

ಅನ್ಯರನ್ನೇಕೆ ಆಡಿಕೊಳ್ಳಲಿ? ಐವತ್ತು ವರ್ಷ ತುಂಬುವವರೆಗೆ ನಾನೂ ಇದೇ ಸಾಲಿಗೆ ಸೇರಿದವಳು. ಧಾರವಾಡದ ನನ್ನ ತಾಯಿ ಕಸೂತಿಯಲ್ಲಿ ನುರಿತವಳು. ಕಣ್ಣಿಗೆ ಪೊರೆ ಬಂದು ಎಳೆಗಳು ಮಸುಕಾದಾಗ, ಅರ್ಧ ಹಾಕಿದ್ದ ತೇರಿನ ಕಸೂತಿಯನ್ನು ನನ್ನ ಮುಂದಿಟ್ಟು, "ಇನ್ನ ನನ್ನ ಕೈಲೆ ಆಗೂದಿಲ್ಲವಾ, ನೀನರ ಮುಗಸು" ಎಂದಳು. "ನನಗೆಲ್ಲಿ ಪುರುಸೊತ್ತದ ಅವ್ವಾ, ಬರೂದೂ ಇಲ್ಲ" ಎಂದುಬಿಟ್ಟೆ. ಆಕೆ ಮತ್ತೆ ಕೇಳಲಿಲ್ಲ. ಆಕೆ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಆ ಕರಿಯ ಬಟ್ಟೆ ಸಿಕ್ಕಿತು. ಸೂಜಿ ಅದರಲ್ಲಿಯೇ ಚುಚ್ಚಿಕೊಂಡು ತುಕ್ಕು ಹಿಡಿದಿತ್ತು.

ಜಾಮಿಗೆ ಬಹುಮಾನ, ಚಿತ್ರಕ್ಕಿಲ್ಲ!

ಅಂಥ ದಿನಗಳಲ್ಲಿ ನನಗೆ ಧೈರ್ಯವನ್ನಿತ್ತುದು ಅಮೆರಿಕದ ಒಬ್ಬ ಒಕ್ಕಲಗಿತ್ತಿಯ ಕಥೆ. ಆಕೆಯ ಹೆಸರು ಆನಾ ಮೇರಿ ರಾಬರ್ಟ್‌ಸನ್ ಮೋಸೆಸ್. ಲೋಕ ಅವಳನ್ನು ಕರೆದದ್ದು 'ಗ್ರ್ಯಾಂಡ್‌ಮಾ ಮೋಸೆಸ್', ಅಂದರೆ ಮೋಸೆಸ್ ಅಜ್ಜಿ ಎಂದು. 1860ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹಳ್ಳಿಗಾಡಿನಲ್ಲಿ ಹುಟ್ಟಿದ ಈಕೆ ಹನ್ನೆರಡನೆಯ ವಯಸ್ಸಿಗೇ ಪರರ ಮನೆಗೆಲಸಕ್ಕೆ ಹೋದವಳು. 1887ರಲ್ಲಿ ಮದುವೆ. ಹತ್ತು ಮಕ್ಕಳನ್ನು ಹೆತ್ತಳು. ಶೈಶವವನ್ನು ದಾಟಿ ಉಳಿದವು ಐದು. ಹಾಲು, ಬೆಣ್ಣೆ, ಹೊಲ, ಮಕ್ಕಳು ಇವುಗಳ ನಡುವೆ ಚಿತ್ರಕ್ಕೆ ಎಡೆಯೆಲ್ಲಿ? 1918ರಲ್ಲಿ ಮನೆಯ ನಡುಕೋಣೆಯ ಗೋಡೆಗೆ ಕಾಗದ ಅಂಟಿಸುತ್ತಿರುವಾಗ ಕಾಗದ ಸಾಲದೆ ಹೋಯಿತು. ಬೆಂಕಿಗೂಡಿನ ಮುಚ್ಚುಹಲಗೆ ಬೋಳಾಗಿ ಉಳಿಯಿತು. ಮನೆಯಲ್ಲಿದ್ದ ಬಣ್ಣದಿಂದಲೇ ಅದರ ಮೇಲೊಂದು ನಿಸರ್ಗದೃಶ್ಯವನ್ನು ಬಳಿದು ಕೆಲಸ ಮುಗಿಸಿದಳು. ಅಷ್ಟಕ್ಕೆ ಅದು ನಿಂತಿತು.

1927ರಲ್ಲಿ ಗಂಡ ತೀರಿಕೊಂಡ. ಮಗಳ ಒತ್ತಾಯಕ್ಕೆ ಅಜ್ಜಿ ಉಣ್ಣೆಯ ದಾರದಿಂದ ಬಟ್ಟೆಯ ಮೇಲೆ ಹಳ್ಳಿಯ ಚಿತ್ರಗಳನ್ನು ಹೆಣೆಯತೊಡಗಿದಳು. ಆದರೆ ಸಂಧಿವಾತದಿಂದ ಬೆರಳ ಗಿಣ್ಣುಗಳು ಬಿಗಿದು ಸೂಜಿ ಹಿಡಿಯುವುದೇ ಯಾತನೆಯಾಯಿತು. "ಸೂಜಿ ಆಗದಿದ್ದರೆ ಬಣ್ಣ ಹಿಡಿ" ಎಂಬ ಅರ್ಥದ ಸಲಹೆಯಿತ್ತವಳು ಅವಳ ತಂಗಿ. ಎಪ್ಪತ್ತನ್ನು ದಾಟಿದ ಆ ಮುದುಕಿ ಕುಂಚ ಹಿಡಿದದ್ದು ಹೀಗೆ.

ಊರ ಜಾತ್ರೆಯಂಥ ಪ್ರದರ್ಶನಕ್ಕೆ ಆಕೆ ತನ್ನ ಹಣ್ಣಿನ ಜಾಮನ್ನೂ ಚಿತ್ರಗಳನ್ನೂ ಕಳುಹಿಸಿದಳು. ಜಾಮಿಗೆ ಬಹುಮಾನ ಬಂತು, ಚಿತ್ರಗಳಿಗೆ ಬರಲಿಲ್ಲ! ಬಳಿಕ ಹೂಸಿಕ್ ಫಾಲ್ಸ್ ಎಂಬ ಚಿಕ್ಕ ಊರಿನ ಔಷಧದಂಗಡಿಯ ಕಿಟಕಿಯಲ್ಲಿ ಅವು ಧೂಳು ತಿನ್ನುತ್ತಿದ್ದವು. 1938ರಲ್ಲಿ ಆ ದಾರಿಯಾಗಿ ಬಂದ ಲೂಯಿ ಕಾಲ್ಡರ್ ಎಂಬ ಚಿತ್ರಸಂಗ್ರಾಹಕನ ಕಣ್ಣಿಗೆ ಬಿದ್ದು, ಅಲ್ಲಿದ್ದವೆಲ್ಲವನ್ನೂ ಅವನು ಕೊಂಡುಕೊಂಡ. 1940ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅವಳದೇ ಪ್ರದರ್ಶನ ನಡೆಯಿತು. 1961ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ತೀರಿಕೊಳ್ಳುವಷ್ಟರಲ್ಲಿ ಅವಳು ಬರೆದ ಚಿತ್ರಗಳು ಸಾವಿರದ ಐನೂರಕ್ಕೂ ಮಿಕ್ಕಿದ್ದವು.

ಅವಳ ಕೀರ್ತಿಯನ್ನು ಕಂಡು ನಾವು ಆಸೆಪಡಬೇಕಾದುದಿಲ್ಲ. ಅವಳ ಕ್ರಮವನ್ನು ಮಾತ್ರ ಕಲಿಯಬಹುದು. ಅವಳು ಹಲಗೆಗೆ ಮೊದಲು ಬಿಳಿಯ ಬಣ್ಣ ಹೊಡೆದು, ಆಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದಳು: ಮೊದಲು ಆಕಾಶ, ಆಮೇಲೆ ಬೆಟ್ಟ, ಮರ, ಮನೆ, ದನ, ಕಟ್ಟಕಡೆಗೆ ಮನುಷ್ಯರು. ನಮ್ಮ ಗೃಹಿಣಿ ಮೊದಲು ಮನೆ ಗುಡಿಸಿ, ಬಳಿಕ ರಂಗೋಲಿ ಹಾಕಿ, ಕೊನೆಗೆ ಅತಿಥಿಯನ್ನು ಒಳಗೆ ಕರೆಯುವಂತೆ!

ಅಂಜಿಕೆಯೆಂಬ ಬಿಳಿಯ ಹಾಳೆ

ಹವ್ಯಾಸಿಯ ಮೊದಲ ಶತ್ರು ಅಂಜಿಕೆ. ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್ ಅವರೂ ಇದಕ್ಕೆ ಹೊರತಾಗಿರಲಿಲ್ಲ. 1915ರಲ್ಲಿ ಅಧಿಕಾರ ಕೈತಪ್ಪಿ ಮನಸ್ಸು ಮುರಿದಿದ್ದಾಗ, ನಲವತ್ತರ ವಯಸ್ಸಿನಲ್ಲಿ ಅವರು ಬಣ್ಣಗಳನ್ನು ತರಿಸಿದರು. ಆದರೆ ಬಿಳಿಯ ಪಟದ ಮುಂದೆ ಕೈ ನಡುಗಿತು. ಸಣ್ಣ ಕುಂಚದಿಂದ ಅವರೆಕಾಳಿನಷ್ಟು ನೀಲಿಯನ್ನು ಮುಟ್ಟಿಸಿ ಕುಳಿತುಬಿಟ್ಟರು. ಅಷ್ಟರಲ್ಲಿ ಬಂದ ಚಿತ್ರಕಾರ ಲೇವರಿಯವರ ಪತ್ನಿ ದೊಡ್ಡ ಕುಂಚವನ್ನೆತ್ತಿ ಪಟದ ಮೇಲೆ ಬೀಸಿ ಬೀಸಿ ಬಣ್ಣ ಬಳಿದರು. ಪಟ ತಿರುಗಿ ಹೊಡೆಯಲಿಲ್ಲ! ಅಂದಿನಿಂದ ಚರ್ಚಿಲ್ಲರ ಅಂಜಿಕೆ ಓಡಿತು.

ನಮ್ಮ ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಸಾಲುಗಳನ್ನೇ ಒಂದಕ್ಕೊಂದು ಕೂಡಿಸುತ್ತ ಹಕ್ಕಿಯನ್ನೋ ಮೃಗವನ್ನೋ ಮೂಡಿಸುತ್ತಿದ್ದರು. ಅವರ ಚಿತ್ರಗಳ ಮೊದಲ ಪ್ರದರ್ಶನ ಪ್ಯಾರಿಸಿನಲ್ಲಿ ನಡೆದದ್ದು 1930ರಲ್ಲಿ, ಅವರಿಗೆ ಅರವತ್ತೊಂಬತ್ತು ತುಂಬುವ ಹೊತ್ತಿಗೆ. ತಪ್ಪಿದ ಗೆರೆಯಿಂದಲೂ ಚಿತ್ರ ಹುಟ್ಟೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮೊದಲ ಪಾಠ: ತಂಬಿಗೆ

ಹಾಗಾದರೆ ಎಲ್ಲಿಂದ ಆರಂಭಿಸುವುದು? ಸೂರ್ಯಾಸ್ತದಿಂದಲ್ಲ, ಅಡಿಗೆಮನೆಯ ತಂಬಿಗೆಯಿಂದ. ತಂಬಿಗೆಯ ಬಾಯಿ ದುಂಡಗಿದೆಯೆಂದು ನಾವೆಲ್ಲ ಬಲ್ಲೆವು; ಆದ್ದರಿಂದಲೇ ದುಂಡಗೆ ಬರೆದು ಕೆಡಿಸುತ್ತೇವೆ. ಅದನ್ನು ನೆಲದ ಮೇಲಿಟ್ಟು ನೋಡಿರಿ: ಬಾಯಿ ಅಗಲವಾದ ಮೊಟ್ಟೆಯಂತೆ ಕಾಣುತ್ತದೆ. ಮೇಜಿನ ಮೇಲಿಡಿರಿ: ಆ ಮೊಟ್ಟೆ ಚಪ್ಪಟೆಯಾಗುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬರಿಯ ಒಂದು ಗೆರೆ! ಕೈ ಕಲಿಯುವುದಕ್ಕೆ ಮೊದಲು ಕಣ್ಣು ಕಲಿಯಬೇಕು. ತಿಳಿದದ್ದನ್ನು ಬಿಟ್ಟು ಕಂಡದ್ದನ್ನು ಬರೆಯುವುದೇ ರೇಖಾಚಿತ್ರದ ಮೊದಲ ಪಾಠ. ಇದಕ್ಕೆ ಒಂದು 2ಬಿ ಪೆನ್ಸಿಲು, ಬರೆದು ಮುಗಿದ ಲೆಕ್ಕದ ಪುಸ್ತಕದ ಬೆನ್ನುಹಾಳೆ ಸಾಕು.

ಬಣ್ಣಕ್ಕೆ ಬಂದರೆ, ಹನ್ನೆರಡು ಬಿಲ್ಲೆಗಳ ಪೆಟ್ಟಿಗೆಯ ಆಮಿಷಕ್ಕೆ ಒಳಗಾಗಬೇಡಿರಿ. ಕೆಂಪು, ಹಳದಿ, ನೀಲಿ, ಈ ಮೂರೇ ಸಾಕು. ಹಳದಿ ನೀಲಿ ಕೂಡಿ ಹಸಿರು, ಕೆಂಪು ಹಳದಿ ಕೂಡಿ ಕಿತ್ತಳೆ; ಮೂರೂ ಕೂಡಿದರೆ ಮಣ್ಣಿನ ಬಣ್ಣ. ಜಲವರ್ಣದಲ್ಲಿ ಬಿಳಿಯ ಬಣ್ಣವನ್ನು ಹಚ್ಚುವುದಿಲ್ಲ. ಹಾಳೆಯ ಬಿಳುಪೇ ಬೆಳಕು. ಆದುದರಿಂದ ಎಲ್ಲಿ ಬಣ್ಣ ಹಚ್ಚಬಾರದು ಎಂಬುದನ್ನು ಮೊದಲೇ ನಿರ್ಧರಿಸಬೇಕು. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಒಂದು ಲೇಪ ಆರುವವರೆಗೆ ಕೈಕಟ್ಟಿ ಕುಳಿತಿರಬೇಕು. ಈ ಕೈಕಟ್ಟಿ ಕುಳಿತಿರುವುದೇ ಎಲ್ಲಕ್ಕಿಂತ ಕಠಿನ!

ಎಳೆ ಎಣಿಸುವ ಕಲೆ

ಇನ್ನು ದಾರದ ಕಲೆ. ಇದನ್ನು ಕಲಿಯಲು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯ ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲುಗಳನ್ನು ಮೂಡಿಸಬೇಕು. ಚಂದ್ರಕಾಳಿಯೆಂಬ ಕರಿಯ ಸೀರೆಯ ಮೇಲೆ, ಇಳಕಲ್ಲಿನ ಸೀರೆಯ ಸೆರಗಿನ ಮೇಲೆ ಇವು ಬೆಳಗುತ್ತಿದ್ದವು.

ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದನ್ನು ಬಿಟ್ಟು ಮುಂದೆ ಸಾಗುತ್ತದೆ. ಮರಳಿ ಬರುವಾಗ ಬಿಟ್ಟ ಎಡೆಗಳನ್ನೆಲ್ಲ ತುಂಬುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ಒಳಗೂ ಹೊರಗೂ ಒಂದೇ ರೂಪ. ಮುರಗಿಯದೂ ಇದೇ ನಡೆಯಾದರೂ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಯ್ಗೆ, ಹೆಸರೇ ಹೇಳುವಂತೆ, ಮಗ್ಗದಲ್ಲಿ ನೇಯ್ದ ಹಾಗೆ ಕಾಣುವ ನೇರ ಹೊಲಿಗೆ. ಮೆಂತೆ ಕತ್ತರಿಯಂತೆ ಒಂದರ ಮೇಲೊಂದು ಹಾಯುವ ಹೊಲಿಗೆ. ಅದರ ಒಳಮೈ ಮಾತ್ರ ಹೊರಮೈಯಂತಿರುವುದಿಲ್ಲ.

ಹೊಸಬರು ರೇಶಿಮೆಗೆ ಕೈಹಾಕದೆ, ಚೌಕಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯನ್ನು ಆರಿಸಿಕೊಳ್ಳಲಿ. ಮೊದಲು ಗ್ರಾಫ್ ಕಾಗದದ ಮೇಲೆ ನಮೂನೆಯನ್ನು ಪೆನ್ಸಿಲಿನಿಂದ ಗುರುತಿಸಿಕೊಂಡರೆ ಎಣಿಕೆ ಸುಲಭ. ರೇಖೆಯನ್ನು ಕಲಿತ ಕೈಗೆ ದಾರ ಬೇಗ ಒಲಿಯುತ್ತದೆಂಬುದು ಇಲ್ಲಿಯೇ ತಿಳಿಯುವುದು. ದಾರ ಮೊಳದುದ್ದಕ್ಕಿಂತ ಹೆಚ್ಚಾಗದಿರಲಿ, ಉದ್ದವಾದಷ್ಟೂ ಸಿಕ್ಕು.

ಎಳೆ ಎಣಿಸುವ ಸಹನೆ ಇಲ್ಲದವರಿಗೆ ಕೌದಿಯುಂಟು. ಅಜ್ಜಿಯ ಸೀರೆ, ಮಾವನವರ ಧೋತರ, ಮಗುವಿನ ಲಂಗ ಎಲ್ಲವೂ ತುಂಡುತುಂಡಾಗಿ ಕೂಡಿ ಒಂದು ಹೊದಿಕೆಯಾಗುತ್ತದೆ. ಅಲ್ಲಿ ಎಣಿಕೆಯಿಲ್ಲ, ಬಣ್ಣದ ಪಕ್ಕದಲ್ಲಿ ಬಣ್ಣವನ್ನಿಡುವ ಜಾಣ್ಮೆಯಿದ್ದರೆ ಸಾಕು.

ಒಂದು ಎಳೆಯ ತಪ್ಪು

ಅವ್ವನ ತೇರಿನ ಕೆಲಸಕ್ಕೆ ಕೈಯಿಡುವ ಮೊದಲು ನಾನು ಮೂರು ತಿಂಗಳು ಮ್ಯಾಟಿ ಬಟ್ಟೆಯ ಮೇಲೆ ಅಭ್ಯಾಸ ಮಾಡಿದೆ. ಆದರೂ ತೇರಿನ ಎಡಗಾಲಿಯಲ್ಲಿ ಒಂದೇ ಒಂದು ಎಳೆ ತಪ್ಪಿ ಎಣಿಸಿದ್ದೆ. ಹೋಗುವಾಗ ಅದು ತಿಳಿಯಲಿಲ್ಲ. ಮರಳಿ ಬರುವಾಗ ಗೆರೆ ಗೆರೆಯನ್ನು ಕೂಡಲೊಲ್ಲದು! ಎರಡು ರಾತ್ರಿಯ ದುಡಿಮೆಯನ್ನು ಬಿಚ್ಚುತ್ತ ಕುಳಿತಾಗ ಕಣ್ಣಲ್ಲಿ ನೀರು ಬಂದದ್ದು ತಪ್ಪಿಗಾಗಿಯಲ್ಲ. ಇಂಥ ತಪ್ಪನ್ನು ಒಂದು ನೋಟದಲ್ಲಿ ಹುಡುಕಿ ತೋರಿಸಬಲ್ಲವಳು ಜೊತೆಯಲ್ಲಿದ್ದಾಗ ಅವಳ ಬಳಿ ನಾನು ಒಂದು ಸಂಜೆಯೂ ಕುಳಿತುಕೊಳ್ಳಲಿಲ್ಲವಲ್ಲ!

ಪುರುಸೊತ್ತಿಲ್ಲವೆಂದದ್ದು ಸುಳ್ಳೇನಲ್ಲ. ಮನೆಗೆಲಸ ಮುಗಿಯುವಂಥದಲ್ಲ. ಆದರೆ ದಿನಕ್ಕೆ ಅರ್ಧ ಗಂಟೆಯನ್ನು ಮನೆಯವರು ಆಕೆಗೆ ಬಿಟ್ಟುಕೊಡಬೇಕು, ಆಕೆಯೂ ಅದನ್ನು ಕೇಳಿ ಪಡೆಯಬೇಕು. ಗಂಡಸರಿಗೂ ಈ ಮಾತು ಸಲ್ಲುತ್ತದೆ. ನಿವೃತ್ತರಾದ ಮೇಲೆ ನೋಡಿಕೊಳ್ಳೋಣವೆಂದು ಮುಂದೂಡಿದವರಿಗೆ ಆ ಹೊತ್ತಿಗೆ ಕಣ್ಣು ಕೈಗಳು ಒಪ್ಪಬೇಕಲ್ಲ? ಮೋಸೆಸ್ ಅಜ್ಜಿಗೆ ಸೂಜಿ ಹೋದರೂ ಕುಂಚ ಉಳಿದಿತ್ತು. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ. ಮನೆಯಲ್ಲಿ ಹಿರಿಯರಿದ್ದು, ಅವರ ಬೆರಳಿನಲ್ಲಿ ಒಂದು ಕಲೆಯಿದ್ದರೆ, ಈ ಲೇಖನವನ್ನು ಮುಚ್ಚಿಟ್ಟು ಅವರ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿರಿ.

ತೇರು ಈಗ ಪೂರ್ತಿಯಾಗಿದೆ. ನೋಡಿದವರು ಚೆನ್ನಾಗಿದೆಯೆನ್ನುತ್ತಾರೆ. ಬಲ್ಲವರು ಮಾತ್ರ ಕಳಸದಿಂದ ನಡುವಿನವರೆಗೆ ಒಂದು ಕೈ, ನಡುವಿನಿಂದ ಗಾಲಿಯವರೆಗೆ ಇನ್ನೊಂದು ಕೈ ಎಂಬುದನ್ನು ಕೂಡಲೇ ಗುರುತಿಸುತ್ತಾರೆ. ನನ್ನ ಹೊಲಿಗೆ ಬಿಗಿ, ಅವ್ವನದು ಸಡಿಲ, ಸಮ. ಬಿಚ್ಚಿ ಮತ್ತೆ ಹಾಕಿ ಒಂದೇ ಸಮ ಮಾಡೆಂದು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ.