ಗೀತದೊಳಗಿನ ಗೃಹಿಣಿ

ಪಾಶ್ಚಾತ್ಯ ರಾಕ್ ಸಂಗೀತವೆಂದೊಡನೆ ನಮ್ಮ ಹಿರಿಯರಲ್ಲಿ ಹಲವರು ಕಿವಿ ಮುಚ್ಚಿಕೊಳ್ಳುವುದುಂಟು. ಅದೇ ಮನೆಯ ಮಕ್ಕಳು ಅದನ್ನೇ ಹಗಲಿರುಳು ಕೇಳುವುದೂ ಉಂಟು. ಆ ಸಂಗೀತದ ಗುಣದೋಷಗಳ ವಿಚಾರಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಅದರ ಜಗತ್ಪ್ರಸಿದ್ಧ ಪ್ರೇಮಗೀತಗಳಲ್ಲಿ ಮೂರರ ಹಿಂದೆ ಒಬ್ಬಳೇ ಹೆಣ್ಣುಮಗಳು ನಿಂತಿದ್ದಾಳೆಂಬ ಸಂಗತಿ ಮಾತ್ರ ನಮ್ಮ ಕುತೂಹಲವನ್ನು ಕೆರಳಿಸಿತು. 'ಸಮ್‌ಥಿಂಗ್', 'ಲೈಲಾ', 'ವಂಡರ್‌ಫುಲ್ ಟುನೈಟ್' ಎಂಬುವು ಆ ಮೂರು ಗೀತಗಳು. ಮೊದಲನೆಯದು ಬೀಟಲ್ಸ್ ವೃಂದದ ಜಾರ್ಜ್ ಹ್ಯಾರಿಸನ್ ರಚಿಸಿದುದು. ಮಿಕ್ಕೆರಡು ಗಿಟಾರ್ ವಾದನದಲ್ಲಿ ಹೆಸರಾದ ಎರಿಕ್ ಕ್ಲಾಪ್ಟನ್‌ನವು. ಪ್ಯಾಟಿ ಬಾಯ್ಡ್ ಎಂಬ ಈ ಆಂಗ್ಲ ಮಹಿಳೆ ಒಬ್ಬರ ತರುವಾಯ ಒಬ್ಬರಂತೆ ಅವರಿಬ್ಬರಿಗೂ ಮಡದಿಯಾಗಿದ್ದವಳು. ಹಾಡಿನೊಳಗೆ ಆಕೆಗೆ ದೊರೆತ ಸ್ಥಾನ ಎಂತಹದೆಂಬುದನ್ನು ಲೋಕವೆಲ್ಲ ಬಲ್ಲದು. ಮನೆಯೊಳಗೆ ದೊರೆತ ಸ್ಥಾನವೇನು? ಗೃಹಿಣಿಯರು ಓದುವ ಈ ಪತ್ರಿಕೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ಅದು.

ಪ್ಯಾಟಿ ಹುಟ್ಟಿದುದು ೧೯೪೪ರ ಮಾರ್ಚ್ ೧೭ರಂದು, ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಟಾಂಟನ್ ಎಂಬ ಊರಿನಲ್ಲಿ. ಬಾಲ್ಯದ ಕೆಲವು ವರ್ಷಗಳು ಆಫ್ರಿಕದ ಕೆನ್ಯಾದಲ್ಲಿ ಕಳೆದುವು. ತಂದೆತಾಯಿಗಳ ದಾಂಪತ್ಯ ಮುರಿದುಬಿದ್ದಾಗ ಆಕೆಗಿನ್ನೂ ಹತ್ತು ತುಂಬಿರಲಿಲ್ಲ. ೧೯೬೨ರಲ್ಲಿ ಲಂಡನ್ನಿಗೆ ಬಂದು, ಎಲಿಜಬೆತ್ ಆರ್ಡನ್ ಅವರ ಸೌಂದರ್ಯಶಾಲೆಯಲ್ಲಿ ಗಿರಾಕಿಗಳ ತಲೆ ತೊಳೆಯುವ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಬಂದ ಗಿರಾಕಿಯೊಬ್ಬರ ಸೂಚನೆಯಿಂದ ರೂಪದರ್ಶಿಯಾದಳು. ಎರಡು ವರ್ಷಗಳಲ್ಲಿ ಆಕೆಯ ಭಾವಚಿತ್ರವಿಲ್ಲದ ಫ್ಯಾಷನ್ ಪತ್ರಿಕೆ ಲಂಡನ್ನಿನಲ್ಲಿ ವಿರಳವೆನ್ನುವಂತಾಯಿತು. ಯಾರ ಮಡದಿಯೂ ಆಗುವ ಮುನ್ನವೇ ತನ್ನ ಅನ್ನವನ್ನು ತಾನೇ ದುಡಿದುಕೊಂಡ ಹೆಣ್ಣು ಆಕೆ. ಮುಂದಿನ ಕಥೆಯನ್ನು ಓದುವಾಗ ವಾಚಕರು ಇದನ್ನು ನೆನಪಿನಲ್ಲಿಡಬೇಕು.

೧೯೬೪ರ ಮಾರ್ಚ್‌ನಲ್ಲಿ ಬೀಟಲ್ಸ್ ತರುಣರ ಮೊದಲ ಚಲಚ್ಚಿತ್ರದಲ್ಲಿ ಆಕೆಗೊಂದು ಪುಟ್ಟ ಪಾತ್ರ ದೊರೆಯಿತು. ರೈಲಿನಲ್ಲಿ ಹೋಗುವ ಶಾಲಾ ಬಾಲಕಿಯ ವೇಷ. ಆಡಬೇಕಾದುದು ಒಂದೇ ಒಂದು ಶಬ್ದ. ಆ ರೈಲಿನಲ್ಲಿಯೇ ಜಾರ್ಜ್‌ನ ಪರಿಚಯವಾಯಿತು. ೧೯೬೬ರ ಜನವರಿ ೨೧ರಂದು ಎಪ್ಸಮ್ ಎಂಬಲ್ಲಿ ನೋಂದಣಿ ವಿವಾಹ. ವಿವಾಹಕ್ಕೆ ಮೊದಲೇ ಆಕೆಗೆ ಈ ಬಾಳಿನ ಇನ್ನೊಂದು ಮುಖದ ಪರಿಚಯ ಆಗಿತ್ತು. ಜಾರ್ಜ್‌ನನ್ನು ತಮ್ಮವನೆಂದೇ ಭಾವಿಸಿದ್ದ ಅಭಿಮಾನಿ ಹುಡುಗಿಯರು ಕಚೇರಿಯೊಂದರಿಂದ ಹೊರಬರುತ್ತಿದ್ದ ಆಕೆಯನ್ನು ತಳ್ಳಿ ಒದೆದದ್ದುಂಟು. ಮದುವೆಯಾದ ಮೇಲೆ ರೂಪದರ್ಶಿಯ ಕೆಲಸ ಕ್ರಮೇಣ ಕಡಮೆಯಾಯಿತು. ಹೆಂಡತಿ ಹೊರಗೆ ದುಡಿಯುವುದು ಗಂಡನಿಗೆ ಅಷ್ಟಾಗಿ ರುಚಿಸಿರಲಿಲ್ಲ. ತಲೆಗೂದಲು ಬೆಳೆಸಿ ಕ್ರಾಂತಿಯ ಮಾತನಾಡುತ್ತಿದ್ದ ಆ ತರುಣರು ಮನೆವಾರ್ತೆಯ ವಿಷಯದಲ್ಲಿ ನಮ್ಮ ಅಜ್ಜಂದಿರಿಗಿಂತ ಬಹಳ ಮುಂದೆ ಹೋದಂತೆ ನಮಗೆ ಕಾಣುವುದಿಲ್ಲ.

ಭಾರತಕ್ಕೂ ಈ ದಂಪತಿಗಳಿಗೂ ಇದ್ದ ನಂಟನ್ನು ಇಲ್ಲಿ ಹೇಳಲೇಬೇಕು. ೧೯೬೬ರ ಸೆಪ್ಟೆಂಬರಿನಲ್ಲಿ ಜಾರ್ಜ್ ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿಯಲು ಮುಂಬಯಿಗೆ ಬಂದಾಗ ಪ್ಯಾಟಿಯೂ ಜೊತೆಗಿದ್ದಳು. ಅಭಿಮಾನಿಗಳಿಗೆ ಸುಳಿವು ಹತ್ತಿ ಹೋಟೆಲಿನ ಮುಂದೆ ಜನ ಸೇರಲು, ಕಾಶ್ಮೀರಕ್ಕೆ ಹೋಗಿ ಶ್ರೀನಗರದ ಸರೋವರದಲ್ಲಿ ದೋಣಿಮನೆಯಲ್ಲಿ ತಂಗಿ ಪಾಠ ಮುಂದುವರಿಸಬೇಕಾಯಿತು. ಪ್ಯಾಟಿ ತಾನೂ ಸುಮ್ಮನಿರಲಿಲ್ಲ. ಲಂಡನ್ನಿನಲ್ಲಿ ನೆಲಸಿದ್ದ ಪಟಿಯಾಲದ ಸಂಗೀತಗಾರ ಶಿವದಯಾಳ ಬಾತಿಶ್ ಅವರಲ್ಲಿ ದಿಲ್‌ರುಬಾ ವಾದ್ಯದ ಪಾಠ ಹೇಳಿಸಿಕೊಂಡಳು. ಗಂಡಹೆಂಡಿರಿಬ್ಬರೂ ಸಸ್ಯಾಹಾರಿಗಳಾದರು. ಬೀಟಲ್ಸ್ ವೃಂದ ಮಹರ್ಷಿ ಮಹೇಶ ಯೋಗಿಗಳ ಶಿಷ್ಯವಾದ ಕಥೆಯನ್ನು ಬಹುಮಂದಿ ಬಲ್ಲರು. ಆದರೆ ಯೋಗಿಗಳ ಧ್ಯಾನಪಂಥವನ್ನು ೧೯೬೭ರಲ್ಲಿ ಮೊದಲು ಸೇರಿದವಳು ಪ್ಯಾಟಿ. ಆ ಸುದ್ದಿಯನ್ನು ಮನೆಗೆ ತಂದವಳೂ ಆಕೆಯೇ. ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ನಿನ ಹಿಲ್ಟನ್ ಹೋಟೆಲಿಗೆ ಹೋಗಿ ಯೋಗಿಗಳ ಉಪನ್ಯಾಸ ಕೇಳಿದರು. ಮರುವರ್ಷ ಫೆಬ್ರವರಿಯಲ್ಲಿ ಹೃಷೀಕೇಶದ ಗಂಗಾತೀರ ಸೇರಿದರು. ಪ್ಯಾಟಿಯ ೨೪ನೆಯ ಹುಟ್ಟುಹಬ್ಬ ನಡೆದದ್ದು ಆ ಆಶ್ರಮದಲ್ಲಿ. ಹೃಷೀಕೇಶದ ಆ ವಾಸದಿಂದ ಬೀಟಲ್ಸರಿಗೆ ಡಜನ್ನುಗಟ್ಟಲೆ ಹಾಡುಗಳು ಬಂದುವೆಂದು ಇತಿಹಾಸಕಾರರು ಬರೆಯುತ್ತಾರೆ. ದಾರಿ ತೋರಿದವಳ ಹೆಸರು ಆ ಪುಟಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ.

(ಪ್ಯಾಟಿಯ ತಂಗಿ ಜೆನ್ನಿಯೂ ಹೃಷೀಕೇಶಕ್ಕೆ ಹೋಗಿದ್ದಳು. ಆಕೆಯನ್ನು ಕುರಿತೂ ಡಾನೊವನ್ ಎಂಬ ಗಾಯಕ ಒಂದು ಗೀತ ಕಟ್ಟಿದ್ದಾನೆ. ಆಕೆ ಫ್ಲೀಟ್‌ವುಡ್ ಮ್ಯಾಕ್ ವೃಂದದ ಮಿಕ್ ಫ್ಲೀಟ್‌ವುಡ್‌ನನ್ನು ಮದುವೆಯಾಗಿ, ಬಿಟ್ಟು, ಮತ್ತೆ ಅವನನ್ನೇ ಮದುವೆಯಾಗಿ, ಮತ್ತೆ ಬಿಟ್ಟಳು. ಆ ಮನೆಯ ಹೆಣ್ಣುಮಕ್ಕಳ ಜಾತಕವೇ ಹಾಗಿತ್ತೋ ಏನೋ!)

'ಸಮ್‌ಥಿಂಗ್' ಗೀತವನ್ನು ಜಾರ್ಜ್ ಅಡಿಗೆಮನೆಯಲ್ಲಿ ಆಕೆಗೆ ನುಡಿಸಿ ಕೇಳಿಸಿದನಂತೆ. ಆಕೆಗಾಗಿಯೇ ರಚಿಸಿದುದೆಂದು ಯಾವ ಆಡಂಬರವೂ ಇಲ್ಲದೆ, ಸಾಧಾರಣ ಮಾತಿನಂತೆ ಹೇಳಿದನಂತೆ. ಬಹಳ ವರ್ಷಗಳ ಮೇಲೆ, ದಾಂಪತ್ಯ ಕಳಚಿ ಬಿದ್ದ ತರುವಾಯ, ಆ ಗೀತ ಆಕೆಯನ್ನು ಕುರಿತುದಲ್ಲವೆಂದೂ ಆತ ಹೇಳಿದ್ದುಂಟು. ೧೯೬೯ರಲ್ಲಿ ಹೊರಬಂದ ಈ ಗೀತವನ್ನು ಲೆಕ್ಕವಿಲ್ಲದಷ್ಟು ಗಾಯಕರು ಹಾಡಿದರು. ಅಮೆರಿಕದ ಫ್ರಾಂಕ್ ಸಿನಾಟ್ರ ಇದನ್ನು ಹಾಡಿ ಹಾಡಿ ಹೊಗಳಿ, ಕರ್ತೃವಿನ ಹೆಸರನ್ನು ಮಾತ್ರ ತಪ್ಪಿ ಜಾರ್ಜ್‌ನ ಸಂಗಡಿಗರ ಹೆಸರು ಹೇಳಿದ್ದುಂಟು. ಹಾಡು ಕಟ್ಟಿದವನ ಹೆಸರಿಗೇ ಈ ಗತಿಯಾದ ಮೇಲೆ, ಕಟ್ಟಿಸಿಕೊಂಡವಳ ಮಾತೇನು?

೧೯೭೦ರಲ್ಲಿ ದಂಪತಿಗಳು ಥೇಮ್ಸ್ ನದಿಯ ಮೇಲಣ ಹೆನ್ಲಿ ಎಂಬ ಊರಿನಲ್ಲಿ ಫ್ರಯರ್ ಪಾರ್ಕ್ ಎಂಬ ಅರಮನೆಯಂಥ ಸೌಧವನ್ನು ಕೊಂಡರು. ಹೊರಗಿನವರಿಗೆ ಅದು ಇಂದ್ರಭವನ. ಒಳಗೆ, ಪತಿ ಜಪಧ್ಯಾನಗಳಲ್ಲಿ ಗಂಟೆಗಟ್ಟಲೆ ಮುಳುಗಿರುವನು. ಅದರಿಂದೆದ್ದರೆ ಮಾದಕಗಳು, ಪರಸ್ತ್ರೀಯರು. ಈ ಎರಡು ಅತಿಗಳ ನಡುವೆ ಹೆಂಡತಿಯೊಡನೆ ಕುಳಿತು ಮಾತನಾಡುವ ಹೊತ್ತೇ ಇಲ್ಲವಾಯಿತೆಂದು ಪ್ಯಾಟಿ ಮುಂದೆ ಬರೆದಿದ್ದಾಳೆ. ಜಾರ್ಜ್‌ನ ಔದಾರ್ಯವನ್ನು, ದೈವಭಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ೧೯೭೧ರ ಆಗಸ್ಟ್ ೧ರಂದು ರವಿಶಂಕರರ ಮಾತಿಗೆ ಓಗೊಟ್ಟು ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಕಚೇರಿ ನಡೆಸಿದ ಪುಣ್ಯಾತ್ಮ ಆತ. ಆದರೆ ಲೋಕಕ್ಕೆ ಕರಗಿದ ಹೃದಯ ಮನೆಯವಳ ಕಡೆ ತಿರುಗಲಿಲ್ಲ. ಇಂತಹ ದೊಡ್ಡವರು ನಮ್ಮ ದೇಶದಲ್ಲಿಯೂ ಇರಲಿಲ್ಲವೆಂದು ಎದೆಮುಟ್ಟಿ ಹೇಳಬಲ್ಲವರಾರು!

ಈ ನಡುವೆ ೧೯೭೦ರಲ್ಲಿ ಒಂದು ದಿನ ಆಕೆಗೆ ಪುಟ್ಟ ಅಕ್ಷರಗಳಲ್ಲಿ ಬರೆದ ಪತ್ರವೊಂದು ಬಂದಿತು. ಕೆಳಗೆ ಹೆಸರಿಲ್ಲ, ಒಂದೇ ಅಕ್ಷರದ ಸಹಿ. ಯಾವನೋ ಹುಚ್ಚು ಅಭಿಮಾನಿಯದೆಂದು ಬಗೆದು ಆಕೆ ಅದನ್ನು ಗಂಡನಿಗೂ ತೋರಿಸಿದಳು. ಬರೆದವನು ಅದೇ ಗಂಡನ ಪರಮ ಮಿತ್ರ ಎರಿಕ್ ಕ್ಲಾಪ್ಟನ್! ಆತನ ಕೈಗೆ ಆಗ ಪಾರಸಿ ಕವಿ ನಿಜಾಮಿಯ ಲೈಲಾ-ಮಜ್ನೂ ಕಾವ್ಯದ ಅನುವಾದ ಬಂದಿತ್ತು. ಹನ್ನೆರಡನೆಯ ಶತಮಾನದ ಆ ಕಥೆ ನಮ್ಮವರಿಗೆ ಹೊಸದಲ್ಲ. ನಾಟಕದ ಕಂಪನಿಗಳೂ ಸಿನಿಮಾದವರೂ ನಮ್ಮ ಊರುಗಳಲ್ಲಿ ಅದನ್ನು ಎಷ್ಟೋ ಸಲ ತೋರಿಸಿದ್ದಾರೆ. ದೊರೆಯದ ಹೆಣ್ಣಿಗಾಗಿ ಹುಚ್ಚನಾದ ಮಜ್ನೂ ತಾನೇ ಎಂದು ಕ್ಲಾಪ್ಟನ್ ಬಗೆದ. 'ಲೈಲಾ' ಹುಟ್ಟಿತು. ಧ್ವನಿಮುದ್ರಣವನ್ನು ಲಂಡನ್ನಿನ ಒಂದು ಮನೆಗೆ ಆಕೆಯನ್ನು ಕರೆಸಿ, ಎರಡು ಮೂರು ಬಾರಿ ಕೇಳಿಸಿ, ಆಕೆಯ ಮುಖವನ್ನೇ ನೋಡುತ್ತ ಕುಳಿತನಂತೆ. ಹಾಡಿನ ಸೊಗಸಿಗೆ ಮನಸೋತರೂ ಆಕೆಯ ಮೊದಲ ಯೋಚನೆ ಭಯದ್ದಾಗಿತ್ತು: ಇದು ತನ್ನನ್ನು ಕುರಿತುದೆಂದು ಕೇಳಿದವರೆಲ್ಲರಿಗೂ ತಿಳಿದುಹೋಗುವುದಲ್ಲ!

ಅಂದು ರಾತ್ರಿ ಔತಣವೊಂದರಲ್ಲಿ ಕ್ಲಾಪ್ಟನ್ ಜಾರ್ಜ್‌ನ ಮುಂದೆಯೇ ತನ್ನ ಮನಸ್ಸನ್ನು ಹೇಳಿಬಿಟ್ಟ. ಆಕೆ ಗಂಡನೊಡನೆ ಮನೆಗೆ ಮರಳಿದಳು. ತನ್ನೊಡನೆ ಬರದಿದ್ದರೆ ಹೆರಾಯಿನ್ ಸೇವಿಸುವುದಾಗಿ ಕ್ಲಾಪ್ಟನ್ ಅದರ ಪೊಟ್ಟಣವನ್ನು ತೋರಿಸಿ ಬೆದರಿಸಿದನೆಂದು ಆಕೆಯ ಆತ್ಮಕಥೆಯಲ್ಲಿದೆ. ಆಕೆ ಒಪ್ಪಲಿಲ್ಲ, ಆತ ಮೂರು ವರ್ಷಗಳ ಕಾಲ ಆ ವಿಷಕ್ಕೆ ದಾಸನಾದ. ರಸಿಕರು ಇದನ್ನು ಮಹಾಪ್ರೇಮವೆಂದು ವರ್ಣಿಸಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಒಬ್ಬನ ಬಾಳು ಹಾಳಾದುದರ ಹೊಣೆಯನ್ನು, ಅವನನ್ನು ಬೇಡವೆಂದ ಹೆಣ್ಣಿನ ತಲೆಗೆ ಕಟ್ಟುವುದು ಪ್ರೇಮದ ಲಕ್ಷಣವಲ್ಲ.

ಕೊನೆಗೆ ೧೯೭೪ರ ಬೇಸಗೆಯಲ್ಲಿ ಪ್ಯಾಟಿ ಫ್ರಯರ್ ಪಾರ್ಕನ್ನು ಬಿಟ್ಟಳು, ಅಮೆರಿಕದಲ್ಲಿ ಸಂಚರಿಸುತ್ತಿದ್ದ ಕ್ಲಾಪ್ಟನ್ ಜೊತೆ ಸೇರಿಕೊಂಡಳು. ೧೯೭೭ರಲ್ಲಿ ವಿಚ್ಛೇದನ, ೧೯೭೯ರ ಮಾರ್ಚ್ ೨೭ರಂದು ಅಮೆರಿಕದ ಟೂಸಾನ್ ನಗರದಲ್ಲಿ ಎರಡನೆಯ ವಿವಾಹ. ಇಂಗ್ಲೆಂಡಿನಲ್ಲಿ ನಡೆದ ಔತಣಕ್ಕೆ ಮೊದಲ ಗಂಡ ಬಂದುದಷ್ಟೇ ಅಲ್ಲ, ಹಳೆಯ ಸಂಗಡಿಗರಿಬ್ಬರ ಜೊತೆ ನುಡಿಸಿಯೂ ಹೋದನು. ಆ ಜನದ ರೀತಿ ಅದು. ನಮ್ಮ ಅಳವಿಗೆ ಮೀರಿದ್ದು.

ಹೆರಾಯಿನ್ ಬಿಟ್ಟವನು ಮದ್ಯವನ್ನು ಹಿಡಿದಿದ್ದ. 'ವಂಡರ್‌ಫುಲ್ ಟುನೈಟ್' ಹುಟ್ಟಿದುದು ೧೯೭೬ರ ಸೆಪ್ಟೆಂಬರ್ ೭ರ ಸಂಜೆ. ಔತಣವೊಂದಕ್ಕೆ ಹೊರಡಬೇಕು, ಪ್ಯಾಟಿ ಮಹಡಿಯಲ್ಲಿ ಒಂದೊಂದೇ ಉಡುಪು ತೊಟ್ಟು ತೆಗೆಯುತ್ತಿದ್ದಾಳೆ, ಕೆಳಗೆ ಕಾಯುತ್ತ ಕುಳಿತ ಕ್ಲಾಪ್ಟನ್ ಬೇಸರ ಕಳೆಯಲು ಗಿಟಾರ್ ಹಿಡಿದ. ಆಕೆ ಇಳಿದು ಬರುವಷ್ಟರಲ್ಲಿ ಗೀತ ಸಿದ್ಧ. ಇಂದಿಗೂ ಪಶ್ಚಿಮದ ಮದುವೆಮನೆಗಳಲ್ಲಿ ವಧೂವರರು ಇದಕ್ಕೆ ಹೆಜ್ಜೆ ಹಾಕುತ್ತಾರೆ. ಆದರೆ ಹಾಡನ್ನು ಕೊನೆಯವರೆಗೆ ಕಿವಿಗೊಟ್ಟು ಕೇಳಿದವರು ಎಷ್ಟು ಮಂದಿಯೋ! ಅದರ ಕಡೆಯ ಭಾಗದಲ್ಲಿ ಔತಣ ಮುಗಿದು, ತಲೆನೋವಿನಿಂದ ಸೋತ ಗಂಡನನ್ನು ಹೆಂಡತಿಯೇ ಮನೆಗೆ ಕರೆತಂದು ಮಲಗಿಸುತ್ತಾಳೆ. ಮೊದಲ ಭಾಗದ ಚೆಲುವೆ ಲೋಕದ ಕಣ್ಣಿನವಳು; ಕಡೆಯ ಭಾಗದ ಆ ದಣಿದ ಗೃಹಿಣಿ ನಿಜವಾದ ಪ್ಯಾಟಿ. ಸಂತೆಯ ದಿನ ಕತ್ತಲಾದ ಮೇಲೆ ಗಂಡನ ದಾರಿ ಕಾಯುತ್ತ ಬಾಗಿಲಲ್ಲಿ ನಿಲ್ಲುವ ನಮ್ಮ ಎಷ್ಟೋ ಸೋದರಿಯರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರನ್ನು ಕುರಿತು ಹಾಡು ಕಟ್ಟಿದವರಿಲ್ಲ, ಅಷ್ಟೇ ಭೇದ.

೧೯೮೨ರಲ್ಲಿ ಕ್ಲಾಪ್ಟನ್ ಅಮೆರಿಕದ ವ್ಯಸನ ಚಿಕಿತ್ಸಾಲಯವೊಂದನ್ನು ಸೇರಿದ; ಮತ್ತೆ ಜಾರಿದ; ಮತ್ತೆ ಸೇರಿದ. ಪ್ಯಾಟಿಗೆ ಮಕ್ಕಳಾಗಲಿಲ್ಲ. ಪ್ರನಾಳ ಶಿಶು ವಿಧಾನದ ಚಿಕಿತ್ಸೆಯನ್ನೂ ಮಾಡಿಸಿಕೊಂಡು ನೋಡಿದಳು, ಫಲಿಸಲಿಲ್ಲ. ಆ ನೋವಿನ ದಿನಗಳಲ್ಲಿಯೇ, ೧೯೮೬ರಲ್ಲಿ, ಇಟಲಿಯ ಮಹಿಳೆಯೊಬ್ಬಳಲ್ಲಿ ಆಕೆಯ ಗಂಡನಿಗೆ ಕಾನರ್ ಎಂಬ ಗಂಡುಮಗು ಹುಟ್ಟಿತು. (ಆ ಕಂದ ೧೯೯೧ರಲ್ಲಿ ನ್ಯೂಯಾರ್ಕಿನ ಎತ್ತರದ ಕಟ್ಟಡದಿಂದ ಬಿದ್ದು ತೀರಿಕೊಂಡ ದಾರುಣ ವಾರ್ತೆಯನ್ನು ವಾಚಕರು ಕೇಳಿರಬಹುದು.) ೧೯೮೭ರಲ್ಲಿ ಪ್ಯಾಟಿ ಮನೆ ಬಿಟ್ಟಳು, ೧೯೮೯ರಲ್ಲಿ ವಿಚ್ಛೇದನವಾಯಿತು. ಆಗ ಆಕೆಗೆ ನಲವತ್ತೈದು ವರ್ಷ. ಕೈಯಲ್ಲಿ ಕಸುಬಿಲ್ಲ, ರೂಪದರ್ಶಿಯ ವಯಸ್ಸು ಎಂದೋ ಕಳೆದಿತ್ತು. ಗೀತದ ಹಕ್ಕೂ ಗೌರವಧನವೂ ರಚಿಸಿದವನಿಗೆ ಸಲ್ಲುತ್ತವೆ; ಸ್ಫೂರ್ತಿಯಾದವಳಿಗೆ ಯಾವ ದೇಶದ ಕಾಯಿದೆಯೂ ಒಂದು ಕಾಸನ್ನು ಗೊತ್ತುಪಡಿಸಿಲ್ಲ. ರೇಡಿಯೋ ಹಾಕಿದರೆ ಮಾತ್ರ ತನ್ನದೇ ಕಥೆ ಬೇರೆಯವರ ದನಿಯಲ್ಲಿ ಕೇಳಿಬರುತ್ತಿತ್ತು.

ಆಕೆ ಎದ್ದು ನಿಂತ ಬಗೆ ನಮಗೆ ಈ ಕಥೆಯಲ್ಲೆಲ್ಲ ಮೆಚ್ಚಿನ ಭಾಗ. ೧೯೯೧ರಲ್ಲಿ, ಬೀಟಲ್ಸ್ ವೃಂದದ ರಿಂಗೋ ಸ್ಟಾರ್‌ನ ಮಡದಿ ಬಾರ್ಬರಾ ಬಾಕ್ ಜೊತೆಗೂಡಿ, ಕುಡಿತ ಮತ್ತು ಮಾದಕಗಳಿಗೆ ಬಿದ್ದವರು ಚೇತರಿಸಿಕೊಳ್ಳಲು ನೆರವಾಗುವ ಸಂಸ್ಥೆಯೊಂದನ್ನು ಲಂಡನ್ನಿನಲ್ಲಿ ಸ್ಥಾಪಿಸಿದಳು. ಗಂಡಂದಿರ ವ್ಯಸನವನ್ನು ಮನೆಯೊಳಗೆ ಕಂಡುಂಡ ಇಬ್ಬರು ಹೆಂಗಸರು ಕೈಹಾಕಿದ ಕೆಲಸ ಅದು. ಇನ್ನೊಂದು ದಾರಿ ಛಾಯಾಚಿತ್ರಣದ್ದು. ಅರುವತ್ತರ ದಶಕದಿಂದಲೂ ಆಕೆಯ ಕೈಯಲ್ಲಿ ಕ್ಯಾಮರಾ ಇರುತ್ತಿತ್ತು. ಇತರರು ಆಕೆಯನ್ನು ನೋಡುತ್ತಿದ್ದ ಕಾಲದಲ್ಲಿ ಆಕೆಯೂ ಅವರನ್ನು ನೋಡುತ್ತಿದ್ದಳು: ತೋಟದಲ್ಲಿ ಜಾರ್ಜ್, ಗಿಟಾರಿನೊಡನೆ ಎರಿಕ್, ಹೃಷೀಕೇಶದ ಬಿಸಿಲು. ಪೆಟ್ಟಿಗೆಗಳಲ್ಲಿ ಬಿದ್ದಿದ್ದ ಆ ಚಿತ್ರಗಳ ಪ್ರದರ್ಶನ ೨೦೦೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಏರ್ಪಟ್ಟಿತು. ಬಳಿಕ ಹಲವು ದೇಶಗಳನ್ನು ಸುತ್ತಿತು. ೨೦೦೭ರಲ್ಲಿ ಪೆನ್ನಿ ಜೂನರ್ ಎಂಬ ಲೇಖಕಿಯ ನೆರವಿನಿಂದ ಆತ್ಮಕಥೆ ಪ್ರಕಟವಾಯಿತು. ಅದರಲ್ಲಿ ಇಬ್ಬರು ಗಂಡಂದಿರ ಮೇಲೂ ದೂರುಗಳಿವೆ. ಆದರೆ ದ್ವೇಷದ ಒಂದು ಮಾತೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಜಾರ್ಜ್‌ನ ಸ್ನೇಹವನ್ನು ಆತ ೨೦೦೧ರಲ್ಲಿ ತೀರಿಕೊಳ್ಳುವವರೆಗೂ ಉಳಿಸಿಕೊಂಡಿದ್ದಳು. ೨೦೧೫ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಸಂಗೀತಕ್ಕೆ ಸಂಬಂಧವೇ ಇಲ್ಲದ ರಾಡ್ ವೆಸ್ಟನ್ ಎಂಬವರನ್ನು ಮದುವೆಯಾದಳು. ಜಾಣತನವೆಂದರೆ ಇದು!

೨೦೨೪ರ ಮಾರ್ಚ್‌ನಲ್ಲಿ ಆಕೆಗೆ ೮೦ ತುಂಬಿತು. ಅದೇ ತಿಂಗಳು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯ ಮೂಲಕ ಆಕೆ ತನ್ನ ಬಳಿ ಉಳಿದಿದ್ದ ಪತ್ರಗಳನ್ನು, ಚಿತ್ರಗಳನ್ನು, ಹಳೆಯ ಉಡುಪುಗಳನ್ನು ಹರಾಜಿಗಿಟ್ಟಳು. ಕ್ಲಾಪ್ಟನ್ ಬರೆದ ಆ ಒಂದಕ್ಷರ ಸಹಿಯ ಪತ್ರವೂ ಅವುಗಳಲ್ಲಿತ್ತು. ಎಲ್ಲವೂ ಸೇರಿ ೨೮ ಲಕ್ಷ ಪೌಂಡುಗಳಷ್ಟು ಹಣ ಬಂದಿತು. ಅದರಲ್ಲಿ ಸುಮಾರು ೨೦ ಲಕ್ಷ 'ಲೈಲಾ' ಧ್ವನಿಮುದ್ರಿಕೆಯ ಹೊದಿಕೆಯ ಮೇಲಿದ್ದ ಮೂಲ ವರ್ಣಚಿತ್ರವೊಂದಕ್ಕೇ ಬಂದುದು. ಹೊಂಗೂದಲಿನ ತರುಣಿಯೊಬ್ಬಳು ಹೂಗೊಂಚಲಿನೊಡನೆ ಇರುವ ಚಿತ್ರ ಅದು. ಚಿತ್ರಕಾರ ಪ್ಯಾಟಿಯನ್ನು ಎದುರಿಗೆ ಕುಳ್ಳಿರಿಸಿ ಬರೆದುದಲ್ಲ. ಆಕೆಯ ಹೋಲಿಕೆ ಕಂಡಿತೆಂದು ಕ್ಲಾಪ್ಟನ್ ಅದನ್ನು ಆರಿಸಿಕೊಂಡಿದ್ದನು, ಅಷ್ಟೇ.